ಎಣ್ಣೆ ಬಿಟ್ಟ ಲಕ್ಕಪ್ಪ

ಬೇಲೂರಿನಿಂದ ಗೆಂಡೆಹಳ್ಳಿ ಕಡೆಗೆ ಹೋಗುವಾಗ, ಯಗಚಿಯ ಹಿನ್ನೀರು ರಸ್ತೆಯ ತೀರಾ ಹತ್ತಿರಕ್ಕೆ ಬರುವ ಒಂದು ಕಡೆ ರೇವಣಸಿದ್ದಪ್ಪನವರ ದೋಣಿಕಟ್ಟೆ ಇದೆ. ಕಟ್ಟೆ ಎಂದರೆ ಭಾರಿ ಏನಲ್ಲ. ತಗಡಿನ ಒಂದು ಟಿಕೆಟ್ ಗೂಡು, ಲೈಫ್ ಜಾಕೆಟ್ಟುಗಳನ್ನು ಒಣಹಾಕಿದ ಹಗ್ಗ, ಹಂಸದ ಆಕಾರದ ಎರಡು ಪೆಡಲ್ ದೋಣಿ, ಮತ್ತು ಒಂದು ಜೆಟ್ ಬೋಟು. ಬೇಲೂರು ಹಳೇಬೀಡುಗಳಲ್ಲಿ ಕಲ್ಲಿನ ಚೆಲುವೆಯರನ್ನು ತಲೆಯೆತ್ತಿ ನೋಡಿ ನೋಡಿ ಕತ್ತು ನೋವು ಬರಿಸಿಕೊಂಡವರು ಇಲ್ಲಿ ನೀರಿನ ಮೇಲೆ ಒಂದು ಸುತ್ತು ಹೊಡೆದು, ಮನಸಾರೆ ಕಿರುಚಾಡಿ, ಹಗುರಾಗಿ ಊರಿಗೆ ಹೋಗುತ್ತಾರೆ.

ಜೆಟ್ ಬೋಟು ಹೊಸದೇನಲ್ಲ. ಬೇಲೂರಿನಲ್ಲಿ ಹೋಟೆಲು ನಡೆಸುವ ರೇವಣಸಿದ್ದಪ್ಪನವರು ಕರಾವಳಿಯಿಂದ ಹಳೆಯದನ್ನೇ ಕೊಂಡು ಲಾರಿಯ ಮೇಲೆ ಹಾಕಿಸಿಕೊಂಡು ಬಂದಿದ್ದರು. ಅದಕ್ಕೆ ಹೊರಗೆ ತಿರುಗುವ ರೆಕ್ಕೆ ಇಲ್ಲ; ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸುತ್ತ ತಾನು ಮುಂದಕ್ಕೆ ನುಗ್ಗುತ್ತದೆ. ಇಂಜಿನ್ನು ಟೂ-ಸ್ಟ್ರೋಕು. ಅಂದರೆ ಬರೀ ಪೆಟ್ರೋಲು ಕುಡಿದರೆ ಸಾಯುವ ಜಾತಿ. ಪೆಟ್ರೋಲಿನ ಜೊತೆಯಲ್ಲೇ ಎಣ್ಣೆಯೂ ಒಳಗೆ ಹೋಗಬೇಕು, ಪಿಸ್ಟನ್ನಿಗೆ ಸವರಿಕೊಳ್ಳಬೇಕು, ಕೊನೆಗೆ ನೀಲಿ ಹೊಗೆಯಾಗಿ ಹೊರಗೆ ಬರಬೇಕು. ಮೊದಲು ಅದಕ್ಕೊಂದು ಪಂಪು ಇತ್ತು, ಎಣ್ಣೆಯನ್ನು ಅದೇ ಹದವಾಗಿ ಬಿಡುತ್ತಿತ್ತು. ಬಂದ ವರ್ಷವೇ ಪಂಪು ಕೈಕೊಟ್ಟಿತು. ದೋಣಿಕಟ್ಟೆಯ ಮೆಕ್ಯಾನಿಕ್ಕು ಲಕ್ಕಪ್ಪ ಅದನ್ನು ಬಿಚ್ಚಿ ಮೂಲೆಗೆ ಹಾಕಿ, "ಪೆಟ್ರೋಲಿಗೇ ಬೆರಸಿ ಹುಯ್ಯನ ಬುಡಿ ಯಜಮಾನ್ರೇ. ಪಂಪ್ನ ನಂಬಕ್ಕಾಗಕಿಲ್ಲ, ನನ್ ಕೈನ ನಂಬಬೋದು," ಎಂದ. ಆ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆರಸುವುದರಲ್ಲಿ ಲಕ್ಕಪ್ಪನ ಲೆಕ್ಕ ಸುಲಭದ್ದು. ಒಂಬತ್ತು ಲೀಟರ್ ಪೆಟ್ರೋಲಿಗೆ ಒಂದು ಕ್ವಾರ್ಟರ್ ಬಾಟಲಿ ಟೂಟಿ, ಅಂದರೆ ಟೂ-ಸ್ಟ್ರೋಕಿನ ಎಣ್ಣೆ. ಅಳತೆಯ ಲೋಟ ಒಡೆಯುತ್ತದೆ, ಕಳೆದುಹೋಗುತ್ತದೆ. ಕ್ವಾರ್ಟರ್ ಬಾಟಲಿ ಮಾತ್ರ ಈ ಸೀಮೆಯಲ್ಲಿ ಯಾವ ಬೇಲಿಯ ಮಗ್ಗುಲಲ್ಲಿ ಬಗ್ಗಿದರೂ ಸಿಗುತ್ತದೆ, ಅದರ ಅಳತೆಯಲ್ಲಿ ಮೋಸವೂ ಇಲ್ಲ. ಕ್ಯಾನಿಗೆ ಅರ್ಧ ಪೆಟ್ರೋಲು ಹುಯ್ದು, ಬಾಟಲಿಯ ಎಣ್ಣೆ ಬಿಟ್ಟು, ಮುಚ್ಚಳ ಹಾಕಿ, ಮಗುವನ್ನು ತೂಗಿದ ಹಾಗೆ ಅತ್ತಿತ್ತ ತೂಗಿ, ಉಳಿದ ಪೆಟ್ರೋಲು ಸೇರಿಸಿ ಇನ್ನೊಮ್ಮೆ ತೂಗಿ, ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿ ಬೋಟಿನ ಟ್ಯಾಂಕಿಗೆ ಹುಯ್ಯುತ್ತಿದ್ದ. ಸೀರೆ ಅವನ ಹೆಂಡತಿ ಬೋರಮ್ಮನದು. ಮನೆ ಬಿಟ್ಟು ಹೋಗುವಾಗ ಅವಳು ಮರೆತು ಹೋದ ಒಂದೇ ಒಂದು ವಸ್ತು ಅದು.

ಆ ಎಣ್ಣೆಯ ಬಣ್ಣ ಕೆಂಪು. ಕ್ವಾರ್ಟರ್ ಬಾಟಲಿಯಲ್ಲಿ ತುಂಬಿಕೊಂಡು ಅಂಗಿಯ ಜೇಬಿನಲ್ಲಿಟ್ಟರೆ ಅದು ರಮ್ಮಲ್ಲ ಎಂದು ಬ್ರಹ್ಮ ಬಂದು ಹೇಳಿದರೂ ಯಾರೂ ನಂಬುವುದಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗೆ ಎನ್ನುತ್ತಾರಲ್ಲ, ಲಕ್ಕಪ್ಪನದು ಅದಕ್ಕಿಂತ ಒಂದು ಕೈ ಮೇಲು. ಅವನು ಮಜ್ಜಿಗೆಯನ್ನು ಹೆಂಡದ ಗಡಿಗೆಯಲ್ಲೇ ಇಟ್ಟುಕೊಂಡು ಊರು ತಿರುಗುತ್ತಿದ್ದ.

ಇನ್ನು ಎಣ್ಣೆ ಎಂಬ ಮಾತಿನ ವಿಷಯ. ರೇವಣಸಿದ್ದಪ್ಪನವರು ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ದೇವರ ದೀಪಕ್ಕೆ ಎಣ್ಣೆ ಬಿಟ್ಟೇ ಒಲೆ ಹಚ್ಚಿಸುವವರು. ಟೂಟಿ ಗೀಟಿ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ದೀಪವಾಗಲಿ ಬೋಟಾಗಲಿ ಅವರು ಕೇಳುವುದು ಒಂದೇ ಥರ: "ಎಣ್ಣೆ ಬಿಟ್ಟಿದೀಯೇನಯ್ಯಾ?" ಮಿಕ್ಕವರಿಗೆಲ್ಲ ಎಣ್ಣೆ ಎಂದರೆ ಸಂಜೆ ಹೊತ್ತು ವೈನ್ ಸ್ಟೋರಿನ ಕಿಟಕಿಯಲ್ಲಿ ಸಿಗುವ ಎಣ್ಣೆ. ಅವರೂ ಲಕ್ಕಪ್ಪನನ್ನು ಕಂಡರೆ ಕೇಳುವುದು ಅದೇ: "ಏನ್ಲಾ ಲಕ್ಕ, ಎಣ್ಣೆ ಬಿಟ್ಟಿದೀಯಂತೆ, ದಿಟವಾ?" ಒಂದು ಪ್ರಶ್ನೆ ಇಂಜಿನ್ನಿನದು, ಇನ್ನೊಂದು ಅವನ ಬಾಳಿನದು. ಎರಡಕ್ಕೂ ಲಕ್ಕಪ್ಪ, "ಬಿಟ್ಟಿದೀನಿ," ಎನ್ನುತ್ತಿದ್ದ. ಎರಡೂ ನಿಜವಾಗಿತ್ತು, ಒಂದು ಭಾನುವಾರದ ತನಕ.

ಎರಡನೆಯ ಎಣ್ಣೆಯ ಕಥೆ ಶುರುವಾದದ್ದು ಅರಸೀಕೆರೆಯಲ್ಲಿ. ರೈಲ್ವೆ ಸ್ಟೇಷನ್ನಿನ ಹಿಂದೆ ಲಕ್ಕಪ್ಪನದೊಂದು ಶೆಡ್ಡಿತ್ತು. ಕೊಬ್ಬರಿ ಮಂಡಿಗೆ ಹೋಗುವವರ ಮೊಪೆಡ್ಡುಗಳು, ಎರಡೂ ಕಡೆ ತೆಂಗಿನಕಾಯಿ ನೇತುಹಾಕಿಕೊಂಡು ಬಸುರಿ ಎಮ್ಮೆಯ ಹಾಗೆ ಬರುವ ಲೂನಾಗಳು, ಎಲ್ಲವೂ ಅವನ ಕೈಯಲ್ಲೇ ಉಸಿರಾಡಬೇಕು. ಎಲ್ಲವೂ ಟೂ-ಸ್ಟ್ರೋಕು. ಸಂಜೆ ಮನೆಗೆ ಬಂದರೆ ಅವನಿಗಿಂತ ಮೊದಲು ಅವನ ವಾಸನೆ ಬಾಗಿಲು ದಾಟುತ್ತಿತ್ತು. "ಬಂದ್ರಾ? ಕಾಣಾಕೆ ಮುಂಚೆ ಗೊತ್ತಾಯ್ತು," ಎಂದು ಬೋರಮ್ಮ ಒಳಗಿನಿಂದಲೇ ನಗುತ್ತಿದ್ದಳು. ಮಕ್ಕಳಿಲ್ಲದ ಮನೆ, ಇಬ್ಬರೇ ಇದ್ದರೂ ಮನೆ ತುಂಬಿದ ಹಾಗಿತ್ತು. ಶನಿವಾರ ಶನಿವಾರ ಅವನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ನೆತ್ತಿಗೆ ಹರಳೆಣ್ಣೆ ಬಿಟ್ಟು, ಅಂಗೈಯಲ್ಲಿ ತಟ್ಟಿ ತಟ್ಟಿ ಇಳಿಸುತ್ತಿದ್ದಳು. "ದಿನಾ ಪೆಟ್ರೋಲ್ ಜತೇಲಿ ಬಾಳಾಟ. ತಲೆ ಕಾಯ್ದೆ ಇನ್ನೇನಾದಾತು?" ಎನ್ನುತ್ತಿದ್ದಳು. ಲಕ್ಕಪ್ಪ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದ. ಅಷ್ಟು ಸುಖವಾಗಿ ಅವನು ಇನ್ನೆಲ್ಲೂ ಕೂತವನಲ್ಲ.

ಆಮೇಲೆ ಮೊಪೆಡ್ಡುಗಳು ಕೂಡ ಫೋರ್-ಸ್ಟ್ರೋಕಾದವು. ಹೊಗೆಯಿಲ್ಲ, ಬೆರಕೆ ಎಣ್ಣೆ ಬೇಡ, ಲಕ್ಕಪ್ಪನೂ ಬೇಡ. ಕಂಪನಿಯ ಷೋರೂಮಿನಲ್ಲಿ ಕಂಪ್ಯೂಟರ್ ಹಚ್ಚಿ ರಿಪೇರಿ ಮಾಡುವ ಕಾಲ ಬಂತು. ಶೆಡ್ಡಿನಲ್ಲಿ ನೊಣ ಹೊಡೆಯುತ್ತ ಕೂತವನಿಗೆ ಸಂಜೆಯ ಹೊತ್ತು ಜೊತೆಯಾದದ್ದು ಬಾಟಲಿ. ಕುಡಿಯುವವರಿಗೆ ನೆಪ ಬೇಕೇ? ಕೆಲಸವಿಲ್ಲ ಎಂದು ಕುಡಿದ. ಕುಡಿಯುತ್ತಾನೆಂದು ಇದ್ದ ಕೆಲಸವೂ ಬಿಟ್ಟುಹೋಯಿತು. ಬೋರಮ್ಮನಿಗೆ ಅವನು ಹೇಳಿದ ಸುಳ್ಳುಗಳನ್ನು ಕಟ್ಟಿದರೆ ಒಂದು ಮೂಟೆಯಾಗುತ್ತಿತ್ತು. ರಾಗಿ ಹಿಟ್ಟಿನ ಡಬ್ಬದ ಹಿಂದೆ ಸಿಕ್ಕಿದ ಕ್ವಾರ್ಟರನ್ನು, "ಕೆಮ್ಮಿನ ಅವುಸ್ದಿ ಕಣೇ," ಎಂದಿದ್ದ. ಕೆಮ್ಮಿ ಕೂಡ ತೋರಿಸಿದ್ದ ಪುಣ್ಯಾತ್ಮ.

ಒಂದು ಬೆಳಿಗ್ಗೆ ಬೋರಮ್ಮ ಟ್ರಂಕು ಕಟ್ಟಿಕೊಂಡು ಜಾವಗಲ್ಲಿನ ತವರಿಗೆ, ತಮ್ಮ ಭೀಮರಾಜನ ಮನೆಗೆ ಹೊರಟಳು. ಅಳಲಿಲ್ಲ, ಕೂಗಾಡಲಿಲ್ಲ. "ಎಣ್ಣೆ ಬಿಟ್ಟ ದಿನ ನಾನಾಗೇ ಬತ್ತೀನಿ. ಕರೆಯಕ್ಕೆ ಬರಬ್ಯಾಡಿ, ಹೇಳೂ ಕಳಿಸಬ್ಯಾಡಿ. ನಿಮ್ ಬಾಯಿಂದ ಕೇಳಿ ಕೇಳಿ ನಂಗೆ ಸಾಕಾಗೈತೆ," ಎಂದಳು.

ಲಕ್ಕಪ್ಪ ಆ ಮಾತು ಉಳಿಸಿಕೊಂಡನೇ? ಇಲ್ಲ. ಒಂದು ದಿನ ಚೆನ್ನಾಗಿ ಏರಿಸಿಕೊಂಡು ಅವಳನ್ನು ಕರೆತರಲು ಬಸ್ಸು ಹತ್ತಿದ. ಜಾವಗಲ್ಲಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತಲೇ ಮೆಟ್ಟಿಲಿನಿಂದ ಜಾರಿ ಸಂತೆಯ ಜನರ ನಡುವೆ ಉರುಳಿದ. ಯಾರೋ ಹೋಗಿ ಹೇಳಿದರು. ಬೋರಮ್ಮ ಬಂದಳು. ನೀರು ಕುಡಿಸಿದಳು, ಸೆರಗಿನಲ್ಲಿ ಅವನ ಮುಖ ಒರೆಸಿದಳು, ವಾಪಸು ಬಸ್ಸಿಗೆ ಹತ್ತಿಸಿ ತಾನೇ ಟಿಕೆಟ್ ತೆಗೆದು ಅವನ ಜೇಬಿನಲ್ಲಿಟ್ಟಳು. ಒಂದು ಮಾತು ಆಡಲಿಲ್ಲ. ಬೈದಿದ್ದರೆ ಆ ಕೋಪಕ್ಕೇ ಲಕ್ಕಪ್ಪ ಮತ್ತೆ ಕುಡಿಯುತ್ತಿದ್ದನೋ ಏನೋ. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದ. ಅವಳು ಒದ್ದೆಯಾದ ಸೆರಗನ್ನು ಹಿಂಡುತ್ತ ಅಲ್ಲೇ ನಿಂತಿದ್ದಳು. ಅವತ್ತಿನಿಂದ ಲಕ್ಕಪ್ಪ ಬಾಟಲಿ ಮುಟ್ಟಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅರಸೀಕೆರೆಯ ಶೆಡ್ಡು ಮುಚ್ಚಿ ಅವನು ರೇವಣಸಿದ್ದಪ್ಪನವರ ದೋಣಿಕಟ್ಟೆಗೆ ಬಂದ. ಇಡೀ ಸೀಮೆಯಲ್ಲಿ ಟೂ-ಸ್ಟ್ರೋಕು ಬಲ್ಲವನು ಬೇಕಾದ ಜಾಗ ಅದೊಂದೇ ಉಳಿದಿತ್ತು. ಟಿಕೆಟ್ ಗೂಡಿನ ಹಿಂದೆ ಒಂದು ಕೋಣೆ ಕೊಟ್ಟರು. ಅಲ್ಲಿದ್ದುಕೊಂಡು ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೋರಮ್ಮನನ್ನು ಕಾದ. ಕರೆಯುವ ಹಾಗಿಲ್ಲ, ಹೇಳಿಕಳಿಸುವ ಹಾಗಿಲ್ಲ. ಬಿಟ್ಟಿದ್ದೇನೆಂದು ಅವಳಿಗೆ ತಾನಾಗೇ ತಿಳಿಯಬೇಕು, ತಿಳಿದರೂ ಅವಳು ನಂಬಬೇಕು. ಬೇಲೂರಿನ ಕಡೆಯಿಂದ ಬಸ್ಸು ಬಂದಾಗಲೆಲ್ಲ ಕೈಯಲ್ಲಿದ್ದ ಸ್ಪ್ಯಾನರು ತಾನಾಗಿ ನಿಲ್ಲುತ್ತಿತ್ತು. ಇಳಿದವರು ಯಾರೋ, ಹೋದವರು ಯಾರೋ. ಶನಿವಾರ ಒಬ್ಬನೇ ಕೂತು ತಲೆಗೆ ಎಣ್ಣೆ ಹಚ್ಚಿಕೊಳ್ಳಲು ನೋಡಿದ ಒಂದೆರಡು ಸಲ. ತನ್ನ ಅಂಗೈ ತನ್ನ ನೆತ್ತಿಗೆ ಸಪ್ಪೆ ಎನಿಸಿ ಬಿಟ್ಟುಬಿಟ್ಟ.

ಹೀಗೆ ಮಳೆಗಾಲ ಕಳೆದು ಹಿನ್ನೀರು ತುಂಬಿ ನಿಂತಾಗ, ಬೇಲೂರಿನ ಬಸ್ ನಿಲ್ದಾಣದಲ್ಲಿ ಭೀಮರಾಜ ಎದುರಾದ. ತೆಂಗಿನ ಸಸಿ ಕೊಳ್ಳಲು ಬಂದಿದ್ದನಂತೆ. ಲಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಸಾಲದೆಂದು ಹತ್ತಿರ ಬಂದು ಉಸಿರೆಳೆದು ಮೂಸಿಯೂ ನೋಡಿದ.

"ಪರವಾಗಿಲ್ವೇ ಭಾವ. ಜನ ಅನ್ನೋದು ದಿಟವೇ ಇರಂಗೈತೆ," ಎಂದ.

"ನಿಮ್ಮಕ್ಕ ಎಂಗವ್ಳೆ?" ಎಂದು ಕೇಳಿದ ಲಕ್ಕಪ್ಪ.

"ಅವ್ಳೆ. ಭಾನುವಾರ ಬೇಲೂರಿಗೆ ಬತ್ತಾವ್ಳೆ, ನೆಂಟ್ರ ಮನೇಲಿ ನಾಮಕರಣ. ಹಂಗೇ ಅತ್ಲಾಗೂ ಬಂದು ನೋಡ್ಕೊಂಡು ಹೋಯ್ತೀನಿ ಅಂತಿದ್ಲು." ಭೀಮರಾಜ ಸಸಿಯ ಚೀಲ ಹೆಗಲಿಗೇರಿಸಿ ನಕ್ಕ. "ನಿಮ್ಮನ್ನಲ್ಲ ಭಾವ, ಹಿನ್ನೀರ್ನ."

ಭಾನುವಾರ ಬೆಳಿಗ್ಗೆ ಲಕ್ಕಪ್ಪ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟ. ಮಸಿ ಕೆಲಸಕ್ಕೆ ಬಿಳಿ ಅಂಗಿ! ಬೋಟು ಓಡಿಸುವ ಹೇಮಂತ ನೋಡಿ, "ಏನ್ ಲಕ್ಕಪ್ಪಣ್ಣ, ಹೆಣ್ಣು ನೋಡೋಕೆ ಹೊರಟ್ರಾ?" ಎಂದು ಕಿಚಾಯಿಸಿದ. ಲಕ್ಕಪ್ಪ ನಾಚಿಕೊಂಡ. ಕ್ಯಾನಿಗೆ ಪೆಟ್ರೋಲು ತುಂಬಿಸಿದ. ಡಬ್ಬದಿಂದ ಕ್ವಾರ್ಟರ್ ಬಾಟಲಿಗೆ ಟೂಟಿ ಬಗ್ಗಿಸಿಕೊಂಡು ಮುಚ್ಚಳ ತಿರುಗಿಸಿದ. ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಬಾಟಲಿಯನ್ನು ಜೇಬಿಗೆ ಹಾಕಿ ರಸ್ತೆಗೆ ಹೋಗುವ ಏರಿ ಹತ್ತಿ ಓಡಿದ. ಅವಳಲ್ಲ. ಕೆಳಗೆ ಬಂದು ಕ್ಯಾನು ಎತ್ತಿ, ಸೀರೆಯ ತುಂಡು ಹಿಡಿದು, ಟ್ಯಾಂಕಿಗೆ ಹುಯ್ಯತೊಡಗಿದ. ಕೈ ಹುಯ್ಯುತ್ತಿತ್ತು, ಕಣ್ಣು ರಸ್ತೆಯ ಮೇಲಿತ್ತು. ದಿನಾ ಆ ಬಟ್ಟೆಯ ಮೇಲೆ ಎಣ್ಣೆಯ ತೆಳು ಕೆಂಪು ಕಾಣಿಸುತ್ತಿತ್ತು. ಅವತ್ತು ಕಾಣಿಸಲಿಲ್ಲ, ಅವನು ನೋಡಲೂ ಇಲ್ಲ.

ನಂಬಬಹುದಾದ ಕೈ ಎಂದಿದ್ದನಲ್ಲ, ಆ ಕೈ ಬರೀ ಪೆಟ್ರೋಲನ್ನು ಹುಯ್ದು, ಖಾಲಿ ಕ್ಯಾನನ್ನು ಪಕ್ಕಕ್ಕಿಟ್ಟಿತು.

ಇನ್ನೊಂದು ಬಸ್ಸು ಬಂತು. ಈ ಸಲ ಇಳಿದವಳು ಬೋರಮ್ಮನೇ. ಹಸಿರು ಸೀರೆ, ಬಗಲಲ್ಲಿ ಚೀಲ. ಸ್ವಲ್ಪ ಸೊರಗಿದ್ದಳು, ಮುಂದಲೆ ನರೆತಿತ್ತು. ಏರಿ ಇಳಿದು ಬಂದು ಟಿಕೆಟ್ ಗೂಡಿನ ಪಕ್ಕದಲ್ಲಿ ನಿಂತು, ನೀರಿನ ಕಡೆ ನೋಡಿದಳು. ಲಕ್ಕಪ್ಪ ಬೋಟಿನ ಬಳಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

ಸರಿಯಾಗಿ ಆ ಹೊತ್ತಿಗೆ ಗೂಡಿನ ಒಳಗಿನಿಂದ ರೇವಣಸಿದ್ದಪ್ಪನವರು ಕೂಗಿದರು: "ಲಕ್ಕಪ್ಪಾ! ಎಣ್ಣೆ ಬಿಟ್ಟಿದೀಯೇನಯ್ಯಾ?"

ದಿನಾ ಕೇಳುವ ಪ್ರಶ್ನೆಯೇ. ಆದರೆ ಅವತ್ತು ಲಕ್ಕಪ್ಪನಿಗೆ ಗೂಡೂ ಕಾಣಲಿಲ್ಲ, ಯಜಮಾನರೂ ಕಾಣಲಿಲ್ಲ. ಕಂಡದ್ದು ಬೋರಮ್ಮನ ಮುಖ ಒಂದೇ. ದೇವರೇ ತನ್ನ ಪರವಾಗಿ ಬಾಯಿ ಬಿಟ್ಟು ಕೇಳಿದ ಹಾಗಾಯಿತು ಅವನಿಗೆ. ಹೇಳಿಕಳಿಸಬೇಡ ಎಂದಿದ್ದಳು, ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ತಪ್ಪೇನು?

"ಬಿಟ್ಟಿದೀನಿ ಯಜಮಾನ್ರೇ!" ಎಂದು ಆಚೆ ದಡಕ್ಕೆ ಕೇಳುವಂತೆ ಕೂಗಿದ. "ಆಗ್ಲೇ ಬಿಟ್ಟಾಯ್ತು! ಈ ಗಂಗಮ್ಮನ ಮೇಲಾಣೆ, ಬಿಟ್ಟಿದೀನಿ!"

"ಒಂದು ಬಾಟ್ಲಿ ಎಣ್ಣೆಗೆ ಗಂಗಮ್ಮನ ಆಣೆ ಯಾಕಪ್ಪಾ!" ಎಂದು ಯಜಮಾನರು ಗೊಣಗಿಕೊಂಡರು. ಬೋರಮ್ಮ ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡಳು. ತುಟಿಯ ಅಂಚಿನಲ್ಲಿ ಏನೋ ಅಲುಗಿದ್ದನ್ನು ಲಕ್ಕಪ್ಪ ಅಷ್ಟು ದೂರದಿಂದಲೇ ಕಂಡ.

ಅವಳು ಯಾರೆಂದು ತಿಳಿದದ್ದೇ ರೇವಣಸಿದ್ದಪ್ಪನವರು ಗೂಡಿನಿಂದ ಹೊರಗೆ ಬಂದರು. "ಲಕ್ಕಪ್ಪನ ಮನೆಯವರಾ? ಬನ್ನಿ ತಾಯಿ, ಒಂದು ಸುತ್ತು ಹೋಗಿಬನ್ನಿ. ನಿಮ್ಮ ಯಜಮಾನ್ರೇ ಕಾಪಾಡಿಕೊಂಡಿರೋ ಬೋಟು," ಎಂದು ಬಲವಂತ ಮಾಡಿದರು. ಬೋರಮ್ಮ ಬೇಡ ಬೇಡ ಎನ್ನುತ್ತಲೇ ಸೀರೆಯ ಮೇಲೆ ಲೈಫ್ ಜಾಕೆಟ್ಟು ತೊಟ್ಟು ಕೂತಳು. ಹಿಂದೆ ಒಂದು ಪ್ರವಾಸಿ ಕುಟುಂಬ ಹತ್ತಿಕೊಂಡಿತು. ಲಕ್ಕಪ್ಪ ಬೋಟನ್ನು ನೂಕಿಕೊಟ್ಟ. "ಗಟ್ಟಿಯಾಗಿ ಹಿಡ್ಕೊ," ಎಂದ. ಅಷ್ಟು ಕಾಲದ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಕೊಳವೆಯಲ್ಲಿ ನೆನ್ನೆಯ ಬೆರಕೆ ಸ್ವಲ್ಪ ಉಳಿದಿತ್ತು, ಅದರ ಬಲದ ಮೇಲೆ ಬೋಟು ಚೆನ್ನಾಗಿಯೇ ಹೊರಟಿತು. ಲಕ್ಕಪ್ಪ ದಂಡೆಯಲ್ಲಿ ನಿಂತು ಹಸಿರು ಸೀರೆಯನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಏನೋ ಸರಿಯಿಲ್ಲ ಎನಿಸಿತು. ಬೋಟಿನ ಹಿಂದೆ ಯಾವಾಗಲೂ ಎಳೆದುಕೊಂಡು ಹೋಗುವ ನೀಲಿ ಹೊಗೆ ತೆಳ್ಳಗಾಗಿ, ತೆಳ್ಳಗಾಗಿ, ಇಲ್ಲವೇ ಆಯಿತು. ಸದ್ದು ಕೀಚಲಾಯಿತು. ಲಕ್ಕಪ್ಪನ ಕೈ ಜೇಬಿಗೆ ಹೋಯಿತು. ಬಾಟಲಿ ತುಂಬಿತ್ತು.

"ನಿಲ್ಸೋ ಹೇಮಂತಾ! ಆಫ್ ಮಾಡೋ!" ಎಂದು ಅರಚಿದ. ಅಷ್ಟು ದೂರಕ್ಕೆ ಯಾರಿಗೆ ಕೇಳಬೇಕು? ನಟ್ಟನಡುವೆ ಇಂಜಿನ್ನು ಒಮ್ಮೆ ಕಿರ್ರೆಂದು ಹಿಡಿದುಕೊಂಡು ನಿಂತುಹೋಯಿತು. ಬೋಟು ಗಾಳಿ ಬೀಸಿದ ಕಡೆ ಮೆಲ್ಲಗೆ ತಿರುಗತೊಡಗಿತು.

ಎಳೆದು ತರಲು ಇದ್ದದ್ದು ಹಂಸದ ದೋಣಿ ಮಾತ್ರ. ಲಕ್ಕಪ್ಪ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ಪೆಡಲ್ ದೋಣಿಗೆ ಹಾರಿ ಕೂತು ತುಳಿಯತೊಡಗಿದ. ಪ್ರಾಯದ ಹುಡುಗ ಹುಡುಗಿಯರು ಆಡಿಕೊಂಡು ತುಳಿಯುವ ದೋಣಿ ಅದು. ಐವತ್ತು ದಾಟಿದ ಲಕ್ಕಪ್ಪ ಬಿಳಿ ಅಂಗಿಯಲ್ಲಿ ಬೆವರು ಸುರಿಸಿಕೊಂಡು, ಹಂಸದ ಕತ್ತು ಅವನ ಮುಂದೆ ಹೂಂ ಹೂಂ ಎಂದು ತಲೆಯಾಡಿಸಿಕೊಂಡು, ಹೆಂಡತಿಯನ್ನು ಕಾಪಾಡಲು ಹೊರಟಿತು ಸವಾರಿ. ಬೋರಮ್ಮ ನೋಡಿದಳು. ಮೊದಲು ಹೆದರಿ ನೋಡಿದಳು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಳು! ಅರಸೀಕೆರೆಯ ಮನೆಯ ಒಳಗಿನಿಂದ ಕೇಳಿಸುತ್ತಿದ್ದ ನಗು. ಇಂಜಿನ್ನು ಸುಟ್ಟುಹೋದರೂ ಸರಿ, ಈ ನಗು ಸಾಕು ಎನಿಸಿತು ಲಕ್ಕಪ್ಪನಿಗೆ.

ಹಗ್ಗ ಕಟ್ಟಲು ಬೋಟಿನ ಮೇಲಕ್ಕೆ ಬಗ್ಗಿದ. ಜೇಬಿನಿಂದ ಬಾಟಲಿ ಜಾರಿ ಬೋರಮ್ಮನ ಕಾಲ ಬುಡಕ್ಕೆ ಬಿತ್ತು.

ಅವಳು ಎತ್ತಿಕೊಂಡಳು. ಕ್ವಾರ್ಟರ್. ಒಳಗೆ ಕೆಂಪಗೆ, ಮುಚ್ಚಳದವರೆಗೆ. ರಮ್ಮಿನ ಚೀಟಿ ಕೂಡ ಇನ್ನೂ ಅರ್ಧ ಅಂಟಿಕೊಂಡಿತ್ತು.

"ಅದು ಟೂಟಿ ಕಣೇ ಬೋರಿ. ಬೋಟಿಂದು," ಎಂದ ಲಕ್ಕಪ್ಪ.

"ಹೂಂ," ಎಂದಳು ಬೋರಮ್ಮ. ಇಂಥ ಉತ್ತರಗಳನ್ನು ಅವಳು ಬಹಳ ಕೇಳಿದ್ದಳು. ಕೆಮ್ಮಿನ ಔಷಧಿಯಾಗಿತ್ತು, ಜೀರಿಗೆ ನೀರಾಗಿತ್ತು, ಈಗ ಬೋಟಿಂದಾಯಿತು. ಹಿಂದೆ ಕೂತವರೆಲ್ಲ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಗಂಡನ ಬಾಟಲಿಯ ಮುಚ್ಚಳ ತೆಗೆದು ಮೂಸುವುದೇ? ಅವಳು ಅದನ್ನು ಚೀಲದೊಳಕ್ಕೆ ಇಟ್ಟುಕೊಂಡು ಬೇರೆ ಕಡೆ ಮುಖ ಮಾಡಿದಳು.

ಹಾಗೂ ಹೀಗೂ ದಂಡೆಗೆ ಬಂದರೆ ಅಲ್ಲಿ ರೇವಣಸಿದ್ದಪ್ಪನವರು ಮೈಮೇಲೆ ದೇವರು ಬಂದವರ ಹಾಗೆ ನಿಂತಿದ್ದರು. ಕ್ಯಾನಿನ ತಳ ಮುಟ್ಟಿ, ಬಟ್ಟೆ ಮುಟ್ಟಿ ನೋಡಿ ಅವರಿಗೆ ಎಲ್ಲಾ ಗೊತ್ತಾಗಿತ್ತು.

"ಎಣ್ಣೆ ಬಿಟ್ಟಿಲ್ಲ ಇವನು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. "ಬಿಟ್ಟಿದೀನಿ ಬಿಟ್ಟಿದೀನಿ ಅಂತ ಬಾಯಲ್ಲಿ ಹೇಳ್ತಾನೆ ಕಣ್ರೀ, ಗಂಗಮ್ಮನ ಮೇಲೆ ಆಣೆ ಬೇರೆ! ಒಂದು ತೊಟ್ಟೂ ಬಿಟ್ಟಿಲ್ಲ! ಸುಳ್ಳ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೋರಮ್ಮ ಲೈಫ್ ಜಾಕೆಟ್ಟಿನ ದಾರ ಬಿಚ್ಚಿ, ಅದನ್ನು ಹಗ್ಗದ ಮೇಲೆ ಒಪ್ಪವಾಗಿ ಒಣಹಾಕಿ, ಏರಿ ಹತ್ತಿ ಹೋದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ಲಕ್ಕಪ್ಪ ಓಡಿಹೋಗಿ ತಡೆಯಬಹುದಿತ್ತು. ಆದರೆ ಜಾವಗಲ್ಲಿನ ಬಸ್ ನಿಲ್ದಾಣದಲ್ಲಿ ಒದ್ದೆ ಸೆರಗು ಹಿಂಡುತ್ತ ನಿಂತಿದ್ದವಳು ಕಣ್ಣಿಗೆ ಕಟ್ಟಿದಳು. ಅಲ್ಲೇ ನಿಂತ.

ಬಸ್ಸು ಹೋದ ಮೇಲೆ ಅವನು ಕೇಳಿದ: "ಯಜಮಾನ್ರೇ, ಬೆಳಿಗ್ಗೆ ನೀವು ಕೇಳಿದ್ದು ಬೋಟಿನ ಎಣ್ಣೆನಾ?"

"ಮತ್ತೆ ಯಾವ ಎಣ್ಣೆ?" ಎಂದವರು ಅವನ ಮುಖ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದವರು ಹಾಗೇ ನಿಂತುಬಿಟ್ಟರು. "ಅಯ್ಯೋ ಶಿವನೇ, ಆ ತಾಯಿ ಎದುರಿಗೇ ಕೂಗಿದ್ನಲ್ಲೋ! ನಂಬರ್ ಕೊಡು, ಈಗಲೇ ಫೋನ್ ಮಾಡಿ ಹೇಳ್ತೀನಿ."

"ಬ್ಯಾಡಿ," ಎಂದ ಲಕ್ಕಪ್ಪ. "ಹೇಳಿಸಬ್ಯಾಡಿ ಅಂದವ್ಳೆ. ಕುಡುಕನ ಪರವಾಗಿ ಯಾರ್ ಸಾಕ್ಷಿ ಹೇಳುದ್ರೂ ಅವನೂ ಜತೇಲಿ ಕುಡಿದೋನೇ ಆಯ್ತಾನೆ."

ಇಂಜಿನ್ನು ಬಿಚ್ಚಿದ. ಪಿಸ್ಟನ್ನಿನ ಮೈತುಂಬ ಉದ್ದುದ್ದ ಗೀರು. ಸಿಲಿಂಡರಿನ ಒಳಮೈ ಕೊರೆಸಿ ನುಣುಪಾಗಿಸಲು, ಅಂದರೆ ಬೋರ್ ಹೊಡೆಸಲು, ಅದನ್ನು ಹಾಸನಕ್ಕೆ ಕಳಿಸಿ, ಅದು ಬರುವ ತನಕ ಕೈಯಲ್ಲಿ ಕೆಲಸವಿಲ್ಲದೆ ನೀರು ನೋಡುತ್ತ ಕೂತ. ದೋಣಿಕಟ್ಟೆಯಲ್ಲಿ ಎಣ್ಣೆ ಎಂಬ ಮಾತೇ ನಿಂತುಹೋಯಿತು. ರೇವಣಸಿದ್ದಪ್ಪನವರಂಥ ರೇವಣಸಿದ್ದಪ್ಪನವರು, ನಾಲಿಗೆ ತೊಡರಿಸಿಕೊಂಡು, "ಟೂಟಿ" ಎನ್ನುವುದನ್ನು ಕಲಿತರು. ವೈನ್ ಸ್ಟೋರಿನ ಮುಂದೆ ಹಾಯುವಾಗ ಒಂದು ಸಂಜೆ ಲಕ್ಕಪ್ಪನ ಕಾಲು ನಿಧಾನವಾಯಿತು, ಸುಳ್ಳೇಕೆ ಹೇಳಬೇಕು. ಹೇಗಿದ್ದರೂ ಕುಡುಕ ಎಂದೇ ಆಯಿತಲ್ಲ, ಕುಡಿದರೇನು? ಆದರೆ ಕುಡಿದರೆ ಅವಳು ನಂಬಿದ್ದು ನಿಜವಾಗಿಬಿಡುತ್ತದೆ. ಅವಳು ತಪ್ಪಾಗಿ ನಂಬಿದ್ದಾಳೆ ಎನ್ನುವುದೊಂದೇ ಅವನ ಬಳಿ ಉಳಿದಿದ್ದ ಆಸ್ತಿ. ಕಾಲು ಬೇಗ ಬೇಗ ಹಾಕಿದ.

ಇನ್ನೊಂದು ದಿನ ತಡೆಯಲಾರದೆ ಜಾವಗಲ್ಲಿನ ಬಸ್ಸು ಹತ್ತಿದ. ಹಳೇಬೀಡು ಬರುವಷ್ಟರಲ್ಲಿ ಅವಳ ಮಾತು ಕಿವಿಯಲ್ಲಿ ಕೇಳಿಸತೊಡಗಿತು: ಕರೆಯಕ್ಕೆ ಬರಬ್ಯಾಡಿ. ಅಲ್ಲೇ ಇಳಿದ. ಜಾವಗಲ್ಲಿನ ಕಡೆ ಹೋಗುವ ರಸ್ತೆಯನ್ನು ಒಂದು ಟೀ ಕುಡಿಯುವಷ್ಟು ಹೊತ್ತು ನೋಡಿ, ಎದುರು ಬಸ್ಸು ಹಿಡಿದು ಹಿಂದಕ್ಕೆ ಬಂದ. ಅವಳಿರುವ ಊರಿನ ಬೋರ್ಡು ಹೊತ್ತ ಬಸ್ಸಿನಲ್ಲಿ ಅರ್ಧ ದಾರಿ ಕೂತಿದ್ದೆನಲ್ಲ ಎನ್ನುವುದೇ ಅವತ್ತಿನ ಸಮಾಧಾನ.

ಸಿಲಿಂಡರು ಬಂತು. ಹೊಸ ಪಿಸ್ಟನ್ನು ಕೂರಿಸಿದ. ಹೊಸ ಪಿಸ್ಟನ್ನಿಗೆ ಮೊದಮೊದಲು ಎಣ್ಣೆ ಸ್ವಲ್ಪ ಮುಂದಾಗಿಯೇ ಬೇಕು. ಒಂದು ಶನಿವಾರ ಬೆಳಿಗ್ಗೆ, ಬಿಸಿಲು ಆಗಷ್ಟೇ ನೀರಿಗೆ ಬಿದ್ದಿತ್ತು, ಲಕ್ಕಪ್ಪ ರಸ್ತೆಗೆ ಬೆನ್ನು ಮಾಡಿ ಕೂತು ಕ್ಯಾನು ತೂಗುತ್ತಿದ್ದ. ಬೆರಸುವಾಗ ರಸ್ತೆಯ ಕಡೆ ನೋಡಬಾರದೆಂದು ಅವನು ತನಗೆ ತಾನೇ ಹಾಕಿಕೊಂಡ ಕಟ್ಟಳೆ ಅದು. ಮೇಲೆ ಬಸ್ಸು ನಿಂತು ಹೋದದ್ದು ಕೇಳಿಸಿತು. ತಿರುಗಲಿಲ್ಲ.

"ಎಣ್ಣೆ ಬಿಟ್ರಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಯಾವ ಎಣ್ಣೆ?" ಎಂದ ಲಕ್ಕಪ್ಪ. ಆ ಭಾನುವಾರದ ಮೇಲೆ ಯಾರು ಕೇಳಿದರೂ ಮೊದಲು ಹೀಗೆ ಕೇಳುವುದು ಅಭ್ಯಾಸವಾಗಿಬಿಟ್ಟಿತ್ತು.

"ಎರಡೂವೆ."

ತಿರುಗಿ ನೋಡಿದರೆ ಬೋರಮ್ಮ. ಜೊತೆಗೆ ಟ್ರಂಕು. ಲಕ್ಕಪ್ಪನ ಕೈಯಲ್ಲಿ ಕ್ಯಾನು ಹಾಗೇ ನಿಂತಿತು.

"ಅವತ್ತು ಮನೆಗೆ ಹೋಗಿ, ತಿಪ್ಪೆಗೆ ಸುರಿದು ಬಿಸಾಕನ ಅಂತ ಮುಚ್ಚಳ ತೆಗದೆ," ಎಂದಳು, ಅವನನ್ನು ನೋಡದೆ, ನೀರಿನ ಕಡೆ ನೋಡುತ್ತ. "ಅರಸೀಕೆರೆ ವಾಸ್ನೆ ಬಂತು. ನೀವು ಶೆಡ್ಡಿಂದ ಬತ್ತಿದ್ರಲ್ಲ, ಆ ವಾಸ್ನೆ. ಮೂಸ್ತಾ ಅಲ್ಲೇ ಕೂತ್ಕಂಡೆ. ಭೀಮ ಬಂದು, ಏನಕ್ಕ ನೀನೂ ಶುರು ಹಚ್ಕಂಡ್ಯಾ ಅಂದ."

ಲಕ್ಕಪ್ಪ ಕ್ಯಾನು ಕೆಳಗಿಟ್ಟ. "ಅವತ್ತೇ ಬರಬೋದಿತ್ತಲ್ಲ ಬೋರಿ," ಎಂದ.

"ನಾಚ್ಕೆ ಆಯ್ತು. ದಿಟ ಹೇಳ್ದಾಗ ನಂಬದೆ ಹೋದ್ನಲ್ಲ ಅಂತ." ಅವಳು ಚೀಲದಿಂದ ಅದೇ ಕ್ವಾರ್ಟರ್ ಬಾಟಲಿ ತೆಗೆದಳು. ತೊಳೆದು ಚೀಟಿ ಕಿತ್ತಿದ್ದಳು. ಒಳಗೆ ಮಂದವಾಗಿ, ಜೇನಿನ ಬಣ್ಣದಲ್ಲಿ ಹರಳೆಣ್ಣೆ. "ಕೂತ್ಕಳಿ ಇಲ್ಲಿ. ಶನಿವಾರ ಅಲ್ವಾ. ತಲೆ ನೋಡಿ, ಎಂಗೆ ಒಣಗೈತೆ."

ಲಕ್ಕಪ್ಪ ದಂಡೆಯ ಕಲ್ಲಿನ ಮೇಲೆ ಕೂತ. ಅವಳು ನೆತ್ತಿಗೆ ಎಣ್ಣೆ ಬಿಟ್ಟು ಅಂಗೈಯಲ್ಲಿ ತಟ್ಟತೊಡಗಿದಳು. ಎಣ್ಣೆ ಹಣೆಗೆ ಇಳಿಯಿತು, ಹಣೆಯಿಂದ ಹುಬ್ಬಿಗೆ ಬಂತು.

"ಕಣ್ ಮುಚ್ಕಳಿ, ಎಣ್ಣೆ ಇಳೀತೈತೆ," ಎಂದಳು.

ಲಕ್ಕಪ್ಪ ಮುಚ್ಚಲಿಲ್ಲ. ಎಣ್ಣೆ ಕಣ್ಣಿಗೆ ಇಳಿಯಿತು, ಉರಿಯಿತು, ನೀರು ಸುರಿಯಿತು. ಆದರೂ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಮುಚ್ಚಿ ತೆಗೆಯುವಷ್ಟರಲ್ಲಿ ಯಾವುದಾದರೂ ಬಸ್ಸು ಬಂದು ಅವಳು ಹತ್ತಿಬಿಟ್ಟರೆ ಎಂದು ಅವನಿಗೆ ಭಯ.

"ಮುಚ್ಕಳಿ ಅಂದ್ನಲ್ಲ," ಎಂದು ಬೋರಮ್ಮ ಸೆರಗಿನ ಚುಂಗಿನಿಂದ ಅವನ ಕಣ್ಣು ಒರೆಸಿದಳು. "ನಾನೆಲ್ಲೂ ಹೋಗಾಕಿಲ್ಲ."

ಆಗ ಲಕ್ಕಪ್ಪ ಕಣ್ಣು ಮುಚ್ಚಿದ.